ಓದುವಾಗ ಎಲ್ಲಿ ನಿಲ್ಲಬೇಕು?

ಎಲ್ಲರಿಗೂ ನಮಸ್ಕಾರ.

ಓದುವವರ ನಡುವೆ ಮೂರು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಕಾದಂಬರಿ ಚೆನ್ನಾಗಿಯೇ ಇತ್ತು, ಆದರೆ ನೂರು ಪುಟ ದಾಟುವಷ್ಟರಲ್ಲಿ ಕೈಬಿಟ್ಟುಹೋಯಿತು ಅನ್ನುವುದು ಒಂದು. ಕಥೆ ಓದಿದೆ, ಅದರಲ್ಲಿ ಏನೂ ಆಗುವುದೇ ಇಲ್ಲವಲ್ಲ ಅನ್ನುವುದು ಇನ್ನೊಂದು. ಮಗುವಿಗೆಂದು ತಂದ ಚಿತ್ರಪುಸ್ತಕ ನಾಲ್ಕೇ ನಿಮಿಷಕ್ಕೆ ಮುಗಿದುಹೋಯಿತು, ಅದರಲ್ಲಿ ಓದೋದಕ್ಕೆ ಏನಿದೆ ಅನ್ನುವುದು ಮೂರನೆಯದು. ಕೇಳುವುದಕ್ಕೆ ಬೇರೆ ಬೇರೆ ದೂರುಗಳಾದರೂ ಇವುಗಳ ಬೇರು ಒಂದೇ. ಮೂರು ಬಗೆಯ ಪುಸ್ತಕಗಳನ್ನೂ ನಾವು ದಿನಪತ್ರಿಕೆ ಓದುವ ನಡಿಗೆಯಲ್ಲೇ ಓದುತ್ತೇವೆ. ಮುಂದೇನಾಯಿತು ಎಂದು ಹುಡುಕುತ್ತಾ ಕಣ್ಣು ಓಡುತ್ತದೆ, ಸುದ್ದಿ ಸಿಕ್ಕಿತು ಅನ್ನಿಸಿದ ಕೂಡಲೇ ಮುಂದಕ್ಕೆ ಹೋಗುತ್ತದೆ.

ಬರೆಯುವವರು ತಮಗೆ ಮುಖ್ಯವಾದದ್ದನ್ನು ಎಲ್ಲಿ ಇಡುತ್ತಾರೆ ಎಂಬುದು ಪ್ರಕಾರದಿಂದ ಪ್ರಕಾರಕ್ಕೆ ಬದಲಾಗುತ್ತದೆ. ಕಾದಂಬರಿಯಲ್ಲಿ ಅದು ದೂರದೂರದ ಪುಟಗಳ ನಡುವೆ ಇರುತ್ತದೆ. 30ನೇ ಪುಟದಲ್ಲಿ ಒಬ್ಬರು ಆಡಿದ ಮಾತಿಗೆ 230ನೇ ಪುಟದಲ್ಲಿ ಇನ್ನೊಬ್ಬರ ನಡತೆಯಲ್ಲಿ ಉತ್ತರ ಸಿಗುತ್ತದೆ. ಸಣ್ಣಕಥೆಯಲ್ಲಿ ಅದು ಬರೆಯದೆ ಬಿಟ್ಟ ಜಾಗದಲ್ಲಿರುತ್ತದೆ. ಚಿತ್ರಪುಸ್ತಕದಲ್ಲಿ ಮಾತಿಗೂ ಚಿತ್ರಕ್ಕೂ ನಡುವಿನ ಸಂದಿನಲ್ಲಿ, ಹಾಳೆ ತಿರುಗುವ ಹೊತ್ತಿನಲ್ಲಿ ಇರುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕು ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಈ ಮೂರನ್ನೂ ನೋಡೋಣ. ಸಣ್ಣಕಥೆಯಿಂದ ಶುರುಮಾಡುತ್ತೇನೆ. ಅಲ್ಲಿ ರೂಢಿಯಾದದ್ದು ಉಳಿದೆರಡಕ್ಕೂ ಒದಗುತ್ತದೆ.

ಮೊದಲು ಅಳತೆ. 1842ರಲ್ಲಿ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ, ಅದೇ ದೇಶದ ಇನ್ನೊಬ್ಬ ಕಥೆಗಾರ ಹಾಥಾರ್ನ್ ಅವರ ಕಥಾಸಂಕಲನವೊಂದನ್ನು ವಿಮರ್ಶಿಸುತ್ತಾ, ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಓದಿ ಮುಗಿಸಬಹುದಾದ ಬರಹವನ್ನು ಕಥೆ ಎಂದು ಗುರುತಿಸಿದರು. ಒಂದೇ ಕೂತಲ್ಲಿ ಮುಗಿಯಬೇಕು ಎಂಬುದಕ್ಕೆ ಅವರು ಕೊಟ್ಟ ಕಾರಣ ಇವತ್ತಿಗೂ ಸರಿಯಾಗಿಯೇ ಇದೆ. ಓದು ನಡುವೆ ತುಂಡಾದರೆ ಹೊರಗಿನ ಲೋಕದ ಗದ್ದಲ ಒಳಗೆ ನುಗ್ಗಿ, ಕಥೆ ಕಟ್ಟುತ್ತಿದ್ದ ಒಟ್ಟು ಪರಿಣಾಮವನ್ನು ಕೆಡಿಸುತ್ತದೆ. ಇದು ಬರೀ ಮೂಡಿನ ಮಾತಲ್ಲ. ಕಥೆಯ ಕೊನೆಯ ಸಾಲು ಬರುವ ಹೊತ್ತಿಗೆ ಮೊದಲ ಸಾಲಿನ ದನಿ ಇನ್ನೂ ಕಿವಿಯಲ್ಲಿರಬೇಕು. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಓದಿದವರಿಗೆ ಘಟನೆಗಳು ನೆನಪಿರುತ್ತವೆ, ದನಿ ನೆನಪಿರುವುದಿಲ್ಲ. ಕಥೆಯಲ್ಲಿ ಏನೂ ಆಗಲಿಲ್ಲ ಅನ್ನಿಸುವುದು ಹೆಚ್ಚಾಗಿ ಇಲ್ಲಿಂದಲೇ.

3,000 ಪದದ ಒಂದು ಕಥೆಯನ್ನು ನಿಮಿಷಕ್ಕೆ 150 ಪದದಂತೆ ಸಾವಕಾಶವಾಗಿ ಓದಿದರೆ 20 ನಿಮಿಷ ಹಿಡಿಯುತ್ತದೆ. ಆದರೆ ಕೂರುವಾಗ ಕೈಯಲ್ಲಿ 35 ನಿಮಿಷ ಇರಲಿ. ಉಳಿದ ಕಾಲು ಗಂಟೆ ಎರಡನೆಯ ಓದಿಗೆ. ಅಷ್ಟು ಬಿಡುವು ಇಲ್ಲದ ದಿನ ಕಥೆಯನ್ನು ಮುಟ್ಟದೆ ಇರುವುದೇ ಒಳ್ಳೆಯದು. ಅಂಥ ದಿನಗಳಿಗೆ ಪ್ರಬಂಧ ಇದೆ, ಅದು ಅಡ್ಡ ಬಂದ ಮಾತುಗಳನ್ನು ಸಹಿಸಿಕೊಳ್ಳುತ್ತದೆ.

ಈಗ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಇದು ಈ ಮಾತಿಗೆಂದೇ ಕಟ್ಟಿದ್ದು, ಯಾವ ಪುಸ್ತಕದ್ದೂ ಅಲ್ಲ. ಒಂದು ಕಥೆ ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ:

‘ಮೂರನೆಯ ಸಲವೂ ಬೀಗ ತೆರೆಯದಿದ್ದಾಗ ಶಂಕರಪ್ಪ ಬೀಗದಕೈಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡು, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಒಮ್ಮೆ ಕೆಮ್ಮಿದ.’

ಓಡುವ ಕಣ್ಣಿಗೆ ಇಲ್ಲಿ ಸಿಗುವ ಸುದ್ದಿ ಒಂದೇ, ಬೀಗ ತೆರೆಯಲಿಲ್ಲ. ನಿಂತು ನೋಡಿ. ‘ಮೂರನೆಯ ಸಲವೂ’ ಅಂದಿದೆ. ಮೊದಲ ಎರಡು ಸಲ ನಮಗೆ ಕಾಣಿಸಲೇ ಇಲ್ಲ. ಅಂದರೆ ಕಥೆ ಶುರುವಾಗುವ ಮೊದಲೇ ಏನೋ ನಡೆದುಹೋಗಿದೆ, ನಾವು ತಡವಾಗಿ ಬಂದಿದ್ದೇವೆ. ‘ಒರೆಸಿಕೊಂಡು’ ಅನ್ನುವುದರಲ್ಲಿ ಅಭ್ಯಾಸವಿಲ್ಲದ ಕೈಯಿದೆ. ದಿನವೂ ಆ ಬೀಗ ತೆಗೆಯುವವನಿಗೆ ಅದು ಯಾವ ಪಟ್ಟಿಗೆ ಬಗ್ಗುತ್ತದೆ ಎಂದು ಗೊತ್ತಿರುತ್ತಿತ್ತು. ಇಷ್ಟು ದಿನ ಒಳಗಿನಿಂದ ಯಾರೋ ಬಾಗಿಲು ತೆಗೆಯುತ್ತಿದ್ದರು. ಮುಂದಿನದು ‘ಗೊತ್ತಿದ್ದೂ’. ಆ ಒಂದು ‘ಊ’ ಮೇಲೆ ಇಡೀ ವಾಕ್ಯ ನಿಂತಿದೆ. ಗೊತ್ತಿದೆ, ಆದರೆ ಮೈ ಇನ್ನೂ ಒಪ್ಪಿಲ್ಲ. ಕಡೆಗೆ ‘ಕೆಮ್ಮಿದ’. ಬಂದೆ ಎಂದು ಹೆಸರು ಹಿಡಿದು ಕೂಗದೆ ಕೆಮ್ಮಿ ತಿಳಿಸುವ ರೂಢಿ ಎಷ್ಟೋ ವರ್ಷದ್ದು. ಆ ಕೆಮ್ಮಿಗೆ ಎದ್ದು ಬರುತ್ತಿದ್ದವರು ಯಾರು, ಈಗ ಎಲ್ಲಿ, ಸತ್ತರೋ ಬಿಟ್ಟುಹೋದರೋ, ಕಥೆ ಹೇಳಿಲ್ಲ. ಬಹುಶಃ ಕೊನೆಯವರೆಗೂ ಹೇಳುವುದಿಲ್ಲ.

ಇದೇ ಸಂಗತಿಯನ್ನು ‘ಮನೆಯಲ್ಲಿ ಯಾರೂ ಇಲ್ಲದೆ ಶಂಕರಪ್ಪನಿಗೆ ಒಂಟಿತನ ಕಾಡುತ್ತಿತ್ತು’ ಎಂದು ಬರೆದಿದ್ದರೆ ಓದುಗರಿಗೆ ಮಾಡುವ ಕೆಲಸ ಏನೂ ಉಳಿಯುತ್ತಿರಲಿಲ್ಲ. ಒಳ್ಳೆಯ ಕಥೆ ಭಾವದ ಹೆಸರನ್ನು ಬಿಟ್ಟು ಭಾವದ ಗುರುತನ್ನು ಮಾತ್ರ ಇಡುತ್ತದೆ. ಹಾಗಾಗಿ ಕಥೆ ಓದುವಾಗ ನಿಲ್ಲಬೇಕಾದ ಜಾಗ ಇದು: ಯಾರಾದರೂ ಅಗತ್ಯವಿಲ್ಲದ ಸಣ್ಣ ಕೆಲಸವೊಂದನ್ನು ಮಾಡಿದಾಗ. ಒರೆಸಿದ, ಮಡಚಿಟ್ಟಳು, ಎರಡು ಸಲ ಎಣಿಸಿದ. ಕಥೆ ಮುಂದೆ ಸಾಗುವುದಕ್ಕೆ ಬೇಕಿಲ್ಲದ ಕೆಲಸವೊಂದು ವಾಕ್ಯದಲ್ಲಿ ಕೂತಿದ್ದರೆ ಅದು ಬೇರೆ ಯಾವುದಕ್ಕೋ ಬಂದಿದೆ.

ಕನ್ನಡದಲ್ಲಿ ಓದುವವರಿಗೆ ಇನ್ನೂ ಕೆಲವು ಗುರುತುಗಳು ಸಿಗುತ್ತವೆ. ಎಷ್ಟೋ ಓದುಗರು ಇವುಗಳ ಮೇಲೆ ಕಾಲಿಟ್ಟುಕೊಂಡೇ ಮುಂದೆ ಹೋಗುತ್ತಾರೆ. ‘ತಾನು’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಅವನು ತಡವಾಗಿ ಬಂದದ್ದು ಯಾರಿಗೂ ತಿಳಿಯಲಿಲ್ಲ’ ಅಂದರೆ ನಿರೂಪಕರು ಹೊರಗೆ ನಿಂತು ಹೇಳುತ್ತಿದ್ದಾರೆ, ಅದನ್ನು ನಂಬಬಹುದು. ‘ತಾನು ತಡವಾಗಿ ಬಂದದ್ದು ಯಾರಿಗೂ ತಿಳಿಯಲಿಲ್ಲ’ ಅಂದ ಕೂಡಲೇ ನಾವು ಅವನ ತಲೆಯೊಳಗೆ ಇಳಿದಿದ್ದೇವೆ. ಯಾರಿಗೂ ತಿಳಿಯಲಿಲ್ಲ ಎಂಬುದು ಈಗ ಅವನ ಎಣಿಕೆ ಮಾತ್ರ, ಎಲ್ಲರಿಗೂ ತಿಳಿದಿರಲೂಬಹುದು. ‘ಬರುತ್ತಾಳೆ’ ಮತ್ತು ‘ಬರುತ್ತಾಳಂತೆ’ ನಡುವಿನ ಅಂತರವೂ ಹೀಗೆಯೇ. ‘ಅಂತೆ’ ಬಂದಲ್ಲಿ ಯಾರೋ ಹೇಳಿದ್ದಾರೆ ಎಂದಾಯಿತು. ಹೇಳಿದವರು ಯಾರು ಎಂದು ಒಂದು ಕ್ಷಣ ಕೇಳಿಕೊಂಡರೆ ಕಥೆಯಲ್ಲಿ ಹೆಸರಿಲ್ಲದ ಇನ್ನೊಬ್ಬರು ನಿಮಗೆ ಕಾಣುತ್ತಾರೆ. ಇನ್ನು ಏಕವಚನ, ಬಹುವಚನ. ನಿರೂಪಣೆಯಲ್ಲಿ ‘ಮೇಷ್ಟ್ರು ಬಂದರು, ಕೂತರು, ಎದ್ದರು’ ಎಂದು ಸಾಗುತ್ತಿದ್ದದ್ದು ಒಂದು ಪುಟದಲ್ಲಿ ಇದ್ದಕ್ಕಿದ್ದಂತೆ ‘ಬಂದ’ ಎಂದಾದರೆ ಅದನ್ನು ಅಚ್ಚಿನ ತಪ್ಪು ಎಂದು ದಾಟಬೇಡಿ. ಮೊದಲು ಅದು ಯಾರ ಕಣ್ಣು ಎಂದು ನೋಡಿ. ಮೇಷ್ಟ್ರನ್ನು ಏಕವಚನದಲ್ಲಿ ನೋಡಬಲ್ಲವರು ಈ ಕಥೆಯಲ್ಲಿ ಯಾರಿದ್ದಾರೆ?

ಎರಡನೆಯ ಓದಿನ ಕ್ರಮ ಹೀಗಿರಲಿ. ಕಥೆ ಮುಗಿದ ತಕ್ಷಣ ಪುಸ್ತಕ ಮುಚ್ಚದೆ ಮೊದಲ ಪ್ಯಾರಾಕ್ಕೆ ಹಿಂದಿರುಗಿ. ಅದೇ ಪ್ಯಾರಾ ಈಗ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಬೇರೆಯಾಗದಿದ್ದರೆ ಒಂದೋ ಏನೋ ತಪ್ಪಿಹೋಗಿದೆ, ಇಲ್ಲವೇ ಕಥೆಯೇ ಸಡಿಲವಾಗಿದೆ. ಆಮೇಲೆ ಕಥೆಯಲ್ಲಿ ಕಾಲ ಎಲ್ಲಿ ಜಿಗಿದಿದೆ ಎಂದು ಹುಡುಕಿ. ‘ಮಾರನೆಯ ದಿನ’, ‘ಮಳೆ ನಿಂತ ಮೇಲೆ’ ಎಂಬಂಥ ಮಾತುಗಳ ಹಿಂದೆಯೇ ಬಿಟ್ಟುಹೋದ ದೃಶ್ಯ ಇರುತ್ತದೆ. ಜಗಳ ಶುರುವಾಗುವ ಹೊತ್ತಿಗೆ ಪ್ಯಾರಾ ಮುಗಿದು, ಮುಂದಿನ ಪ್ಯಾರಾ ಮಾರನೆಯ ಬೆಳಿಗ್ಗೆಯಿಂದ ಎದ್ದಿದ್ದರೆ, ರಾತ್ರಿ ಏನಾಯಿತೆಂದು ಬೆಳಗಿನ ವಸ್ತುಗಳು ಹೇಳುತ್ತವೆ: ಹಾಸಿಗೆ ಎಷ್ಟು, ಲೋಟ ಎಷ್ಟು, ಯಾವ ಬಾಗಿಲು ತೆರೆದಿದೆ. ಕೊನೆಗೆ ಶೀರ್ಷಿಕೆ. ಶೀರ್ಷಿಕೆಯ ಪದ ಕಥೆಯೊಳಗೆ ಎಲ್ಲಿ ಬಂದಿದೆ, ಯಾರ ಬಾಯಲ್ಲಿ ಬಂದಿದೆ? ಎಲ್ಲೂ ಬರದಿದ್ದರೆ ಅದು ಕಥೆಗಾರರು ಹೊರಗಿನಿಂದ ಸೇರಿಸಿದ ಒಂದು ವಾಕ್ಯವೇ ಸರಿ, ಅದನ್ನೂ ಓದಬೇಕು.

ಸಂಕಲನದ ವಿಷಯಕ್ಕೆ ಬಂದರೆ ಆಗುವ ತಪ್ಪು ಒಂದೇ. ಹನ್ನೆರಡು ಕಥೆಗಳನ್ನು ಹನ್ನೆರಡು ಅಧ್ಯಾಯಗಳಂತೆ ಒಂದೇ ದಿನ ಓದುವುದು. ನಾಲ್ಕನೆಯ ಕಥೆಯ ಹೊತ್ತಿಗೆ ಮುಕ್ತಾಯಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಕಥೆಗಾರರ ಮೆಚ್ಚಿನ ಪಟ್ಟುಗಳು ಎದ್ದು ಕಂಡು, ಎಲ್ಲ ಕಥೆಯೂ ಒಂದೇ ಥರ ಅನ್ನಿಸತೊಡಗುತ್ತದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು. ಎರಡು ಓದುವುದಾದರೆ ನಡುವೆ ಕೆಲವು ಗಂಟೆ ಬಿಡುವಿರಲಿ. ಕಥೆಗಳ ಕೆಳಗೆ ಬರೆದ ವರ್ಷ ಕೊಟ್ಟಿದ್ದರೆ ಆ ಕ್ರಮದಲ್ಲಿ ಓದಿ ನೋಡಿ. ಪುಸ್ತಕದ ಕ್ರಮ ಬೇರೆ ಲೆಕ್ಕದ್ದಿರಬಹುದು, ಬರೆದ ಕ್ರಮದಲ್ಲಿ ಮಾತ್ರ ಕೈ ಪಳಗಿದ್ದು ಕಾಣುತ್ತದೆ.

ಕಾದಂಬರಿಗೆ ಬರೋಣ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ 50,000 ಪದ ದಾಟಿದ ಗದ್ಯ ಕಲ್ಪನೆಯನ್ನು ಕಾದಂಬರಿ ಎಂದು ತಮ್ಮ ಮಾತಿನ ಮಟ್ಟಿಗೆ ಹಿಡಿದರು. ಗಣಿತ ಒಣಕಲು ಅನ್ನಿಸಬಹುದು, ಆದರೆ ಕಾದಂಬರಿ ಕೈಬಿಟ್ಟುಹೋಗುವುದು ಬಹಳ ಸಲ ಗಣಿತ ತಪ್ಪಿದ್ದರಿಂದಲೇ. 300 ಪುಟದ ಕಾದಂಬರಿಗೆ ಪುಟಕ್ಕೆ ಒಂದೂವರೆ ನಿಮಿಷ ಹಿಡಿದರೆ ಏಳೂವರೆ ಗಂಟೆ. ದಿನಕ್ಕೆ 15 ಪುಟವಾದರೆ 20 ದಿನ. ಮಲಗುವ ಮುಂಚೆ ಮೂರೇ ಪುಟ ಓದುವವರಿಗೆ 100 ದಿನ. ಅಷ್ಟು ಉದ್ದಕ್ಕೆ ಎಳೆದಾಗ 30ನೇ ಪುಟದ ಮಾತು 230ನೇ ಪುಟದ ಹೊತ್ತಿಗೆ ಎರಡು ತಿಂಗಳಿಗೂ ಹಳೆಯದು. ಅಷ್ಟು ಹೊತ್ತಿಗೆ ಪಾತ್ರಗಳ ಹೆಸರು ತಪ್ಪುತ್ತವೆ, ಯಾರು ಯಾರಿಗೆ ಏನು ಎಂಬುದು ಮರೆಯುತ್ತದೆ, ಬೇಸರ ಬರುತ್ತದೆ. ಆ ಬೇಸರಕ್ಕೆ ಬೈಗುಳ ತಿನ್ನುವುದು ಕಾದಂಬರಿ. ದಿನಕ್ಕೆ 10 ಪುಟಕ್ಕಿಂತ ಕೆಳಗಿಳಿಯುವುದಾದರೆ ಶುರುಮಾಡುವುದನ್ನೇ ಮುಂದೂಡಿ. ಅದರಲ್ಲೂ ಮೊದಲ 50 ಪುಟವನ್ನು ಎರಡು ಮೂರು ದಿನದೊಳಗೆ ದಾಟಿಬಿಡಿ. ಹೆಸರುಗಳು ತಲೆಯಲ್ಲಿ ಕೂರುವುದು ಆ ಭಾಗದಲ್ಲೇ.

ದೊಡ್ಡ ಕಾದಂಬರಿಗೆ ಒಂದು ಹಾಳೆ ಬೇಕು. ಎ4 ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಚಿದರೆ ಅದೇ ಗುರುತಿನ ಪಟ್ಟಿಯೂ ಆಗುತ್ತದೆ. ಒಂದು ಬದಿಯಲ್ಲಿ ಪಾತ್ರಗಳು: ಹೆಸರು, ಮೊದಲು ಬಂದ ಪುಟ, ಒಂದೇ ಒಂದು ಸಂಬಂಧ. ಕನ್ನಡ ಕಾದಂಬರಿಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಒಬ್ಬನೇ ಮನುಷ್ಯ ಒಬ್ಬರ ಬಾಯಲ್ಲಿ ಅಣ್ಣಯ್ಯ, ಇನ್ನೊಬ್ಬರ ಬಾಯಲ್ಲಿ ಭಾವ, ಮತ್ತೊಬ್ಬರ ಬಾಯಲ್ಲಿ ಒಡೆಯರು. ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳದಿದ್ದರೆ ಮೂವರು ಎಂದು ತಿಳಿದು ಓದುತ್ತಾ ಹೋಗುತ್ತೇವೆ. ಹಾಳೆಯ ಇನ್ನೊಂದು ಬದಿಯಲ್ಲಿ ಪ್ರಶ್ನೆಗಳು: ‘ಪು. 42, ಪತ್ರವನ್ನು ಯಾಕೆ ಸುಟ್ಟಳು?’ ಇಷ್ಟೇ ಸಾಕು. ಪ್ರಶ್ನೆ ಹತ್ತಕ್ಕೆ ಮೀರದಿರಲಿ. ಉತ್ತರ ಸಿಕ್ಕಿದಾಗ ಆ ಪುಟದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಿರಿ. ಓದು ಮುಗಿದ ಮೇಲೆ ಆ ಜೋಡಿ ಸಂಖ್ಯೆಗಳನ್ನು ನೋಡಿದರೆ ಕಾದಂಬರಿಯ ಅಸ್ಥಿಪಂಜರ ಕಣ್ಣೆದುರು ಇರುತ್ತದೆ. ಉತ್ತರ ಸಿಗದೆ ಉಳಿದ ಪ್ರಶ್ನೆಗಳು ಇನ್ನೂ ಬೆಲೆಯುಳ್ಳವು. ಅವು ಲೇಖಕರ ಮರೆವೋ, ಬೇಕೆಂದೇ ಬಿಟ್ಟದ್ದೋ ಎಂದು ಯೋಚಿಸುತ್ತಾ ಕೂರಬಹುದು.

ಒಬ್ಬ ನಾಯಕನನ್ನು ಹುಡುಕಿಕೊಂಡು ಹೋಗಿ ಸೋತವರೂ ಇದ್ದಾರೆ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಡುವೆ ಬಿಟ್ಟವರನ್ನು ಕೇಳಿದರೆ ಈ ಕಾರಣ ಸಿಗುವುದುಂಟು. ಅಲ್ಲಿ ಕಥನ ಒಬ್ಬರ ಹಿಂದೆ ಹೋಗುವುದಿಲ್ಲ. ಹತ್ತಾರು ಮನೆ, ಕೇರಿ, ಕಾಡಿನ ದಾರಿಗಳಲ್ಲಿ ಹರಡುತ್ತದೆ. ಗುತ್ತಿ ಎಂಬಾತನ ನಾಯಿ ಹುಲಿಯನಿಗೂ ಅಲ್ಲಿ ಪೂರ್ತಿ ಪಾತ್ರದ ಘನತೆ ಇದೆ. ಇಂಥ ಕಾದಂಬರಿಯನ್ನು ಓದುವಾಗ ಹಾಳೆಯ ಮೇಲೆ ಹೆಸರುಗಳ ಬದಲು ಮನೆಗಳನ್ನು ಬರೆಯುವುದು ಅನುಕೂಲ. ಪ್ರತಿ ಮನೆಯ ಕೆಳಗೆ ಅಲ್ಲಿಯ ಜನ, ಮನೆಯಿಂದ ಮನೆಗೆ ಯಾರು ನಡೆದು ಹೋದರು ಎಂಬುದಕ್ಕೆ ಒಂದು ಗೆರೆ. ಆ ಗೆರೆಗಳೇ ಕಥೆ.

ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದ ಕಾದಂಬರಿಗಳಿಗೆ ಬೇರೆ ನಡಿಗೆ ಬೇಕು. ಡಿಕನ್ಸ್ ಅವರ ‘ಪಿಕ್ವಿಕ್ ಪೇಪರ್ಸ್’ 1836–37ರಲ್ಲಿ ತಿಂಗಳಿಗೊಂದು ಕಂತಿನಂತೆ ಬಂತು. ನಮ್ಮ ವಾರಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದ ಕಾದಂಬರಿಗಳ ಸಂಖ್ಯೆಯೂ ದೊಡ್ಡದು. ಕಂತಿಗೆ ಬರೆಯುವವರು ಪ್ರತಿ ಕಂತಿನ ಕೊನೆಯಲ್ಲಿ ಕೊಕ್ಕೆ ಹಾಕುತ್ತಾರೆ. ಮುಂದಿನ ಕಂತಿನ ಶುರುವಿನಲ್ಲಿ ಮರೆತವರಿಗಾಗಿ ಹಿಂದಿನದನ್ನು ಒಂದಿಷ್ಟು ನೆನಪಿಸುತ್ತಾರೆ. ಪಾತ್ರವೊಂದು ಪ್ರತಿ ಸಲ ಬಂದಾಗಲೂ ಅದೇ ಮಾತಿನ ವರಸೆಯನ್ನೋ ಅದೇ ಸನ್ನೆಯನ್ನೋ ತೋರಿಸುವುದೂ ಇದಕ್ಕೇ. ವಾರದ ನಂತರ ಓದುವವರು ಒಂದೇ ಏಟಿಗೆ ಗುರುತು ಹಿಡಿಯಬೇಕು. ಇಡೀ ಪುಸ್ತಕವನ್ನು ಎರಡು ದಿನದಲ್ಲಿ ಓದುವವರಿಗೆ ಇದೆಲ್ಲ ಚರ್ವಿತಚರ್ವಣ ಅನ್ನಿಸುತ್ತದೆ. ಒಂದು ಕೂತಕ್ಕೆ ಒಂದೋ ಎರಡೋ ಅಧ್ಯಾಯ ಓದಿ ನಿಲ್ಲಿಸಿ, ಕೊಕ್ಕೆ ಹಾಕಿದಲ್ಲೇ ನಿಲ್ಲಿಸಿ. ಆಗ ಆ ಪುನರುಕ್ತಿ ತನ್ನ ಕೆಲಸ ಮಾಡುತ್ತದೆ.

ಅನುವಾದಿತ ಕಾದಂಬರಿಯಲ್ಲಿ ಗಮನಿಸಲೇಬೇಕಾದ ಒಂದು ಸಂಗತಿ ಇದೆ. ಇಂಗ್ಲಿಷಿನ ‘ಹಿ’ ಎಂಬ ಒಂದೇ ಸರ್ವನಾಮಕ್ಕೆ ಕನ್ನಡದಲ್ಲಿ ‘ಅವನು’, ‘ಇವನು’, ‘ಅವರು’, ‘ಆತ’, ‘ತಾನು’ ಎಂದು ಐದು ದಾರಿಗಳಿವೆ. ಮಗ ಅಪ್ಪನನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂದು ಇಂಗ್ಲಿಷ್ ಮೂಲ ಹೇಳುವುದಿಲ್ಲ, ಅನುವಾದಕರು ತೀರ್ಮಾನಿಸುತ್ತಾರೆ. ನಡುವೆ ಒಂದು ಕಡೆ ‘ನೀವು’ ಹೋಗಿ ‘ನೀನು’ ಬಂದರೆ ಅದು ಅನುವಾದಕರ ಓದು, ಆ ಸಂಬಂಧ ಅಲ್ಲಿ ತಿರುಗಿತು ಎಂದು ಅವರು ಕಂಡುಕೊಂಡದ್ದು. ಒಳ್ಳೆಯ ಅನುವಾದಕರು ಇದನ್ನು ಎಚ್ಚರದಿಂದ ಮಾಡುತ್ತಾರೆ. ಆ ಎಚ್ಚರ ಕಂಡಲ್ಲಿ ಅವರ ಹೆಸರನ್ನೂ ಲೇಖಕರ ಹೆಸರಿನಷ್ಟೇ ನೆನಪಿಟ್ಟುಕೊಳ್ಳಿ.

ಎಷ್ಟು ಓದಿ ಕೈಬಿಡಬಹುದು? ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಲೆಕ್ಕ ಸುಲಭವಾಗಿದೆ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದವರು ನೂರರಲ್ಲಿ ತಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. 70 ಆದವರಿಗೆ 30 ಪುಟ. ಇದಕ್ಕೆ ಸೇರಿಸಬೇಕಾದದ್ದು ಒಂದಿದೆ. ಬಿಟ್ಟ ಪುಟದ ಸಂಖ್ಯೆ, ತಿಂಗಳು, ಬಿಟ್ಟ ಕಾರಣವನ್ನು ಆ ಮಡಚಿದ ಹಾಳೆಯ ಮೇಲೆ ಬರೆದು ಪುಸ್ತಕದೊಳಗೇ ಇಡಿ. ಕೆಲವು ವರ್ಷದ ಮೇಲೆ ತೆಗೆದಾಗ ಆ ಕಾರಣ ಇನ್ನೂ ನಿಮ್ಮದೇ ಎಂದು ಅನ್ನಿಸದಿರಬಹುದು.

ಇನ್ನು ಮಕ್ಕಳ ಪುಸ್ತಕ. ದೊಡ್ಡವರು ಅತಿ ಕೆಟ್ಟದಾಗಿ ಓದುವುದು ಇದನ್ನೇ, ಅದಕ್ಕೇ ಇಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು.

ಮೊದಲು ಪುಸ್ತಕದ ಮೈಕಟ್ಟು. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದಾಗ ಪುಟಗಳು 8 ಅಥವಾ 16ರ ಲೆಕ್ಕದಲ್ಲಿ ಹುಟ್ಟುತ್ತವೆ. ಆದ್ದರಿಂದ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24 ಇಲ್ಲವೇ 32 ಪುಟ. 32ರಲ್ಲಿ ಶೀರ್ಷಿಕೆ, ಮುದ್ರಣ ವಿವರ ಎಂದು ನಾಲ್ಕು ಹೋದರೆ ಕಥೆಗೆ ಉಳಿಯುವುದು 28. ತೆರೆದಾಗ ಎದುರುಬದುರು ಕಾಣುವ ಜೋಡಿಪುಟಗಳು 14, ನಡುವೆ ಹಾಳೆ ತಿರುಗುವುದು 13 ಸಲ. ಚಿತ್ರಪುಸ್ತಕ ಬರೆಯುವವರು ಈ 13 ತಿರುವುಗಳನ್ನು ಲೆಕ್ಕವಿಟ್ಟೇ ಕಥೆ ಕಟ್ಟುತ್ತಾರೆ. ‘ಆಗ ಬಾಗಿಲ ಹಿಂದೆ...’ ಎಂದು ಬಲಪುಟದ ಕೆಳಗೆ ನಿಂತಿರುತ್ತದೆ, ಬಾಗಿಲ ಹಿಂದೆ ಇದ್ದದ್ದು ಹಾಳೆಯ ಆಚೆಗೆ. ಮಾರಿಸ್ ಸೆಂಡಾಕ್ 1963ರಲ್ಲಿ ತಂದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕದಲ್ಲಿ ಚಿತ್ರಗಳು ಸಣ್ಣದಾಗಿ ಶುರುವಾಗಿ, ಹುಡುಗನ ಕಲ್ಪನೆ ಬೆಳೆದಂತೆ ಪುಟವನ್ನು ತುಂಬುತ್ತಾ ಹೋಗಿ, ನಟ್ಟನಡುವೆ ಮೂರು ಜೋಡಿಪುಟಗಳಲ್ಲಿ ಮಾತೇ ಇಲ್ಲದಂತೆ ಆವರಿಸುತ್ತವೆ. ಆ ಮೂರು ಜೋಡಿಪುಟಗಳನ್ನು ಇಲ್ಲಿ ಓದೋದಕ್ಕೆ ಏನೂ ಇಲ್ಲ ಎಂದು ಸರಸರ ತಿರುಗಿಸಿದರೆ ಪುಸ್ತಕದ ತಿರುಳನ್ನೇ ಬಿಟ್ಟಂತೆ.

ಒಂದು ಜೋಡಿಪುಟವನ್ನು ಕಣ್ಣಮುಂದೆ ತಂದುಕೊಳ್ಳಿ. ಎಡಗಡೆ ಒಂದೇ ಸಾಲು: ‘ಪುಟ್ಟಿ ಹಾಲನ್ನೆಲ್ಲ ಕುಡಿದಳು.’ ಬಲಗಡೆ ಚಿತ್ರ. ಮೇಜಿನ ಮೇಲೆ ಖಾಲಿ ಲೋಟ, ಪುಟ್ಟಿ ಕೈಕಟ್ಟಿ ಕೂತಿದ್ದಾಳೆ. ಮೇಜಿನ ಕೆಳಗೆ ನೆರಳಿನಲ್ಲಿ ಬೆಕ್ಕು, ಅದರ ಮೀಸೆ ಬೆಳ್ಳಗಾಗಿದೆ. ಅಕ್ಷರ ಬಲ್ಲ ದೊಡ್ಡವರ ಕಣ್ಣು ನೇರ ಸಾಲಿಗೆ ಹೋಗುತ್ತದೆ, ಎರಡು ಸೆಕೆಂಡಿನಲ್ಲಿ ಓದಿ ಹಾಳೆಗೆ ಕೈ ಹಾಕುತ್ತಾರೆ. ಅಕ್ಷರ ಬಾರದ ಮಗುವಿಗೆ ಕಾಣುವುದು ಚಿತ್ರ ಮಾತ್ರ, ಹಾಗಾಗಿ ಬೆಕ್ಕಿನ ಮೀಸೆ ಅದಕ್ಕೆ ಮೊದಲು ಸಿಗುತ್ತದೆ. ಮಾತು ಸುಳ್ಳು ಹೇಳುತ್ತಿದೆ, ಚಿತ್ರ ನಿಜ ಹೇಳುತ್ತಿದೆ. ಇವೆರಡರ ನಡುವಿನ ಅಂತರವನ್ನು ತಾನೇ ಕಂಡುಹಿಡಿದ ಮಗು ಕಿಲಕಿಲ ನಗುತ್ತದೆ. ಇಲ್ಲಿ ದೊಡ್ಡವರ ಕೆಲಸ ಇಷ್ಟೇ: ಸಾಲು ಓದಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಹಾಳೆ ಮುಟ್ಟದೆ ಕೂರುವುದು. ‘ನೋಡು ನೋಡು, ಬೆಕ್ಕು ಕುಡಿದಿದೆ’ ಎಂದು ತೋರಿಸಿಕೊಟ್ಟರೆ ಮಗುವಿನ ಪಾಲಿನ ಓದನ್ನು ನೀವೇ ಮಾಡಿ ಮುಗಿಸಿದಂತಾಯಿತು.

ಮಗು ತಾನಾಗಿ ಓದಲು ಶುರುಮಾಡಿದಾಗ ಆರಿಸುವ ಪುಸ್ತಕಗಳಲ್ಲಿ ಹೆಚ್ಚು ಎಡವುತ್ತೇವೆ. ಇಂಗ್ಲಿಷಿನಲ್ಲಿ ಪದಗಳನ್ನು ಎಣಿಸುವ ರೂಢಿ ಇದೆ. ಡಾ. ಸ್ಯೂಸ್ ಅವರ 1957ರ ‘ದ ಕ್ಯಾಟ್ ಇನ್ ದ ಹ್ಯಾಟ್’ ಪುಸ್ತಕದಲ್ಲಿ ಬೇರೆ ಬೇರೆ ಪದಗಳು 236, ಅವರ 1960ರ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ನಲ್ಲಿ ಬರೀ 50. ಈ ಲೆಕ್ಕವನ್ನು ಹಾಗೆಯೇ ಕನ್ನಡಕ್ಕೆ ತಂದರೆ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ‘ಮರ’ ಒಂದೇ ಪದ ಮರದ, ಮರಕ್ಕೆ, ಮರದಿಂದ, ಮರದಲ್ಲೂ ಎಂದು ಬಾಲ ಬೆಳೆಸುತ್ತದೆ. ಕನ್ನಡದಲ್ಲಿ ಹೊಸ ಓದುಗರಿಗೆ ಅಡ್ಡ ಬರುವುದು ಪದಗಳ ಸಂಖ್ಯೆಗಿಂತ ಒತ್ತಕ್ಷರ, ಸಂಧಿ, ಪದದ ಉದ್ದ. ‘ಮರ ಏರಿದ’ ಎಂದು ಓದಬಲ್ಲ ಮಗು ‘ಮರವನ್ನೇರಿದ’ ಎಂಬಲ್ಲಿ ನಿಂತುಬಿಡುತ್ತದೆ. ಮರ ಎಲ್ಲಿ ಮುಗಿಯಿತು, ಏರುವುದು ಎಲ್ಲಿ ಶುರುವಾಯಿತು ಎಂದು ಅದಕ್ಕೆ ಕಾಣುವುದಿಲ್ಲ. ಅರ್ಕಾವತ್ತು ಇನ್ನೊಂದು ಕಷ್ಟ. ಬರೆದದ್ದು ಅಕ್ಷರದ ಆಮೇಲೆ, ಉಚ್ಚರಿಸಬೇಕಾದದ್ದು ಅದಕ್ಕೆ ಮೊದಲು. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಪದವನ್ನು ತುಂಡರಿಸಿ ಮುಂದಿನ ಸಾಲಿಗೆ ಹಾಕಿದ್ದರಂತೂ ಹೊಸ ಓದುಗರು ಅದನ್ನು ಎರಡು ಪದ ಎಂದೇ ಓದುತ್ತಾರೆ.

ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು ನಡುವಿನ ಯಾವುದಾದರೂ ಒಂದು ಪುಟ ತೆರೆದು ನಾಲ್ಕು ಸಂಗತಿ ನೋಡಿ. ಅಕ್ಷರ ಅಚ್ಚಿನ ಅಳತೆಯಲ್ಲಿ 18 ಪಾಯಿಂಟಿಗೆ ಕಡಿಮೆಯಿಲ್ಲದೆ ದಪ್ಪವಾಗಿದೆಯೇ? ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಇದೆಯೇ? ಸಾಲುಗಳು ಉಸಿರು ನಿಲ್ಲುವ ಕಡೆ ಮುರಿದಿವೆಯೇ, ಪದದ ನಡುವೆಯೇ? ಬರೀ ಒತ್ತುಗಳಿಂದ ತುಂಬಿದ ಪದಗಳು ಒಂದು ಪುಟದಲ್ಲಿ ಐದಾರಕ್ಕೆ ಮೀರಿವೆಯೇ? ಮೀರಿದ್ದರೆ ಆ ಪುಸ್ತಕ ನೀವು ಓದಿ ಹೇಳುವುದಕ್ಕೆ ಸರಿ, ಮಗು ತಾನೇ ಓದುವುದಕ್ಕೆ ಇನ್ನೂ ಒಂದು ವರ್ಷ ಹೋಗಲಿ. ಹೊಳೆಯುವ ಹಾಳೆ, ದಪ್ಪ ರಟ್ಟು ಇವೆಲ್ಲ ಆಮೇಲಿನ ಮಾತು.

ಪದ್ಯದ ಪುಸ್ತಕವಾದರೆ ಅಲ್ಲೇ ನಿಂತು ಎರಡು ಸಾಲು ಗಟ್ಟಿಯಾಗಿ ಓದಿ ನೋಡಿ. ಕುವೆಂಪು ಅವರ ಕಿಂದರಿಜೋಗಿ ಇಷ್ಟು ತಲೆಮಾರುಗಳಿಗೆ ಬಾಯಿಪಾಠವಾಗಿರುವುದರ ಹಿಂದೆ ನಾಲ್ಕು ಮಾತ್ರೆಯ ತಪ್ಪದ ನಡೆಯಿದೆ. ಕಾಲು ಕುಣಿಸುತ್ತಲೇ ಹೇಳಬಹುದು. ಈಗಿನ ಎಷ್ಟೋ ಶಿಶುಪದ್ಯಗಳಲ್ಲಿ ಪ್ರಾಸ ಕೂರಿಸುವ ಹಟದಲ್ಲಿ ಮಾತ್ರೆ ಕುಂಟುತ್ತದೆ. ಒಂದು ಸಾಲಿನಲ್ಲಿ ಹದಿನಾರು, ಮುಂದಿನದರಲ್ಲಿ ಹತ್ತೊಂಬತ್ತು. ಓದುವಾಗ ನಾಲಗೆ ತಡವರಿಸಿದರೆ ತಪ್ಪು ನಾಲಗೆಯದಲ್ಲ. ಮಗು ಅಂಥ ಪದ್ಯವನ್ನು ಎರಡನೆಯ ಸಲ ಕೇಳುವುದಿಲ್ಲ.

ಓದಿ ಹೇಳುವಾಗ ಪ್ರಶ್ನೆ ಕೇಳುವುದು ಒಳ್ಳೆಯದೇ. ಅಮೆರಿಕದ ಮನೋವಿಜ್ಞಾನಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ಓದಿ ಹೇಳುವುದಕ್ಕಿಂತ ಮಗುವಿನಿಂದ ಕಥೆ ಹೇಳಿಸಿಕೊಳ್ಳುತ್ತಾ ಓದಿದ ಮನೆಗಳಲ್ಲಿ ಮಕ್ಕಳ ಮಾತು ಹೆಚ್ಚು ಬೆಳೆದದ್ದು ಕಂಡುಬಂತು. ಆದರೆ ಪ್ರಶ್ನೆಯಲ್ಲೂ ಹದ ಬೇಕು. ಒಂದು ಪುಸ್ತಕಕ್ಕೆ ಮೂರೋ ನಾಲ್ಕೋ ಸಾಕು, ಅದೂ ಮೊದಲ ಓದಿನಲ್ಲಿ ಬೇಡ. ‘ಇದು ಯಾವ ಬಣ್ಣ’, ‘ಎಷ್ಟು ಹಕ್ಕಿ ಇವೆ’ ಎಂಬ ಒಂದೇ ಪದದ ಉತ್ತರದ ಪ್ರಶ್ನೆಗಳು ಪುಸ್ತಕವನ್ನು ಪರೀಕ್ಷೆ ಮಾಡಿಬಿಡುತ್ತವೆ. ‘ಈ ಬೆಕ್ಕು ಈಗ ಏನು ಯೋಚಿಸುತ್ತಿರಬಹುದು’ ಎಂದರೆ ಮಗು ಒಂದು ಕಥೆಯನ್ನೇ ಹೇಳುತ್ತದೆ. ಎಲ್ಲಕ್ಕಿಂತ ಕೆಟ್ಟ ಪ್ರಶ್ನೆ ಎಂದರೆ ‘ಈ ಕಥೆಯ ನೀತಿ ಏನು?’ ಕಥೆಯ ರುಚಿ ನಾಲಗೆಯ ಮೇಲೆ ಇರುವಾಗಲೇ ಬಾಯಿ ಮುಕ್ಕಳಿಸು ಎಂದ ಹಾಗೆ ಅದು. ನೀತಿ ಇದ್ದರೆ ಅದು ಒಳಗೆ ಇಳಿದಿರುತ್ತದೆ, ಹೊರಗೆ ತೆಗೆದು ತೋರಿಸಬೇಕಾಗಿಲ್ಲ.

ಒಂದೇ ಪುಸ್ತಕವನ್ನು ಇಪ್ಪತ್ತು ದಿನ ಓದಿಸಿಕೊಳ್ಳುವ ಮಕ್ಕಳ ಬಗ್ಗೆ ದೊಡ್ಡವರಿಗೆ ಸುಸ್ತು. ಬೇಸರಪಟ್ಟು ಒಂದು ಸಾಲು ಹಾರಿಸಿದರೆ ಮಗು ತಕ್ಷಣ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಮಗು ಮಾಡುತ್ತಿರುವುದು ಸಣ್ಣ ಕೆಲಸವಲ್ಲ. ಮುಂದೇನು ಎಂಬ ಆತಂಕ ಕಳೆದಿದೆ, ಈಗ ಅದರ ಗಮನ ಪದಗಳ ಮೇಲೆ, ಸಾಲಿನ ಲಯದ ಮೇಲೆ, ಮೊನ್ನೆ ಕಾಣದ ಮೂಲೆಯ ಇರುವೆಯ ಮೇಲೆ ಇದೆ. ಕಥೆ ಮುಗಿದ ಮೇಲೆ ಮೊದಲ ಪ್ಯಾರಾಕ್ಕೆ ಹಿಂದಿರುಗಿ ಎಂದು ಆಗ ದೊಡ್ಡವರಿಗೆ ಹೇಳಿದೆನಲ್ಲ, ಅದನ್ನು ಮಗು ಯಾರೂ ಹೇಳದೆ ಮಾಡುತ್ತಿದೆ. ಹಾಗಾಗಿ ಸಾಲು ಹಾರಿಸಬೇಡಿ, ಪದ ಬದಲಿಸಬೇಡಿ. ಎಂಟು ಹತ್ತು ಓದು ಆದ ಮೇಲೆ ಒಂದು ದಿನ, ಬಲಪುಟದ ಕೊನೆಯ ಸಾಲನ್ನು ಅರ್ಧಕ್ಕೆ ನಿಲ್ಲಿಸಿ ನೋಡಿ. ಉಳಿದರ್ಧವನ್ನು ಮಗು ಪೂರೈಸುತ್ತದೆ. ಮಾರನೆಯ ದಿನ ಇನ್ನೂ ಎರಡು ಪದ ಮೊದಲೇ ನಿಲ್ಲಿಸಿ. ಇಡೀ ಪುಟ ಮಗುವಿನ ಬಾಯಿಗೆ ಬಂದ ದಿನ ಪುಸ್ತಕವನ್ನು ಅದರ ಮಡಿಲಿಗೆ ಕೊಟ್ಟು, ಪಕ್ಕದಲ್ಲಿ ಕೇಳುತ್ತಾ ಕೂತುಕೊಳ್ಳಿ. ಮಗು ಬೆರಳಿಟ್ಟ ಅಕ್ಷರಕ್ಕೂ ಬಾಯಲ್ಲಿ ಬಂದ ಪದಕ್ಕೂ ತಾಳೆಯಾಗದಿದ್ದರೆ ತಿದ್ದಲು ಹೋಗಬೇಡಿ. ಇನ್ನೂ ಕೆಲವು ದಿನ ಕಳೆದ ಮೇಲೆ ಬೆರಳು ತಾನಾಗಿ ಒಂದು ಪದದ ಕೆಳಗೆ ನಿಲ್ಲುತ್ತದೆ.